ರುದ್ರಾಣಿ ಸಿಸ್ಟರ್ ಮತ್ತು ಮೋನೆಯ ಪೊರೆ

ಗದಗದಲ್ಲಿ ನರ್ಸಿಂಗ್ ಕಲಿತ ರುದ್ರಾಣಿ ಹದಿನಾಲ್ಕು ವರ್ಷದಿಂದ ಆಕ್ಲೆಂಡಿನ ಆಸ್ಪತ್ರೆಯೊಂದರ ಕಣ್ಣಿನ ವಾರ್ಡಿನಲ್ಲಿದ್ದಾಳೆ. ಯಾರೇ ಎದುರಾಗಲಿ, ಮುಖಕ್ಕಿಂತ ಮೊದಲು ಕಣ್ಣುಪಾಪೆ ನೋಡುತ್ತಾಳೆ. "ಕನ್ಯಾ ನೋಡಾಕ ಹೋದಾಗ ನಾ ನಕ್ರ, ಈಕಿ ನಿಮ್ಮ ಎಡಗಣ್ಣು ಕೆಂಪಗಾಗೇತಿ ಅಂದ್ಲು" ಎಂದು ಗಂಡ ಶಿವರಾಜ್ ಇಂದಿಗೂ ದೂರುತ್ತಾನೆ.

ವಾರ್ಡಿನಾಚೆಗೂ ಜಗತ್ತಿದೆ ಎಂದು ತೋರಿಸಲು ಅವನೇ ಅವಳನ್ನು ಮೌಂಟ್ ಆಲ್ಬರ್ಟ್ ಬಡಾವಣೆಯ ಶನಿವಾರದ ಚಿತ್ರಕಲಾ ತರಗತಿಗೆ ಸೇರಿಸಿದ. ಕಲಿಸುವವಳು ನಿಧಿ. ಮೊದಲು ಪರದೆಯ ಮೇಲೆ ಹಳೆಯ ಕಲಾವಿದರ ಚಿತ್ರಗಳು, ಆಮೇಲೆ ಎಲ್ಲರ ಕೈಗೂ ಕುಂಚ.

ರುದ್ರಾಣಿಗೆ ಅಲ್ಲಿಯೂ ರೋಗಿಗಳೇ ಸಿಕ್ಕರು. ಲೈಬ್ರರಿಯಿಂದ ಕಲಾವಿದರ ಜೀವನಚರಿತ್ರೆ ತಂದು, ಕಾಯಿಲೆಯ ಪುಟಗಳನ್ನಷ್ಟೇ ಓದಿಕೊಂಡು ಬರುತ್ತಿದ್ದಳು. ರೆನ್ವಾರ್ ಎಂದರೆ ಸಂಧಿವಾತ. ದೆಗಾ ಎಂದರೆ ಮಸುಕು ಕಣ್ಣು. ಅಮೆರಿಕದ ಮೇರಿ ಕ್ಯಾಸಟ್ ಬಿಡಿಸಿದ ತಾಯಿ-ಮಗುವನ್ನು ಕಂಡು ಉಳಿದವರು ಕರಗಿದರೆ, ಇವಳು, "ಪಾಪ, ಈಕಿಗೂ ಕಣ್ಣಾಗ ಪೊರಿ ಬಂದಿತ್ತು" ಎಂದಳು.

ಒಂದು ಶನಿವಾರ ಫ್ರಾನ್ಸಿನ ಕಲಾವಿದ ಮೋನೆಯ ಸರದಿ. ಅವನ ತೋಟದ ಒಂದೇ ಸೇತುವೆಯ ಎರಡು ಚಿತ್ರ: ಮೊದಲಿನದು ಹಸಿರು; ಇಪ್ಪತ್ತು ವರ್ಷದ ನಂತರದ್ದು ಇಟ್ಟಿಗೆಗೆಂಪು.

"ಇದು ಕೊನೆಗಾಲದ ಶೈಲಿ," ಎಂದಳು ನಿಧಿ.

"ಶೈಲಿ ಅಲ್ರಿ, ಪೊರಿ. ಅದು ಬಂದ್ರ ನೀಲಿ, ಹಸಿರು ಕಾಣಂಗಿಲ್ಲ, ಎಲ್ಲಾ ಕಂದು-ಕೆಂಪು. ಎಂಬತ್ತು ದಾಟಿದ ಮ್ಯಾಲೆ ಆಪರೇಷನ್ ಆತು."

ಪಕ್ಕದಲ್ಲಿದ್ದ ಕಮಲಾ ನಕ್ಕರು. ಮೈಸೂರಿನವರು, ಈಗ ಆಕ್ಲೆಂಡಿನ ಹಿಲ್ಸ್‌ಬರೋದಲ್ಲಿರುವ ನಿವೃತ್ತ ಮಕ್ಕಳ ವೈದ್ಯೆ. ಮನೆಯ ಕಿಟಕಿಯಿಂದ ಕಾಣುವ ಸಮುದ್ರವನ್ನು ವಾರಗಟ್ಟಲೆ ಬಿಡಿಸುತ್ತಿದ್ದರು. ನಿಧಿ ಅದನ್ನೂ "ಥೇಟ್ ಮೋನೆಯ ಕೊನೆಗಾಲ!" ಎಂದು ಹೊಗಳಿದ್ದಳು. ರುದ್ರಾಣಿ ಚಿತ್ರದ ಕಂದು ಅಲೆಗಳನ್ನು ನೋಡಿದಳು, ಆಮೇಲೆ ಕಮಲಾರ ಕಣ್ಣು ನೋಡಿದಳು.

"ಆಂಟಿ, ಸಮುದ್ರಕ್ಕ ಯಾವ ಬಣ್ಣ ಹಚ್ಚೀರಿ?"

"ಇನ್ಯಾವ್ದೇ, ನೀಲಿ."

"ಕಣ್ಣು ಯಾವಾಗ ತೋರಿಸೀರಿ?"

"ನೋಡಮ್ಮ, ನಲವತ್ತು ವರ್ಷ ಡಾಕ್ಟರಾಗಿದ್ದೋಳು ನಾನು. ನನ್ನ ಕಣ್ಣು ನಂಗೆ ಗೊತ್ತಿಲ್ವಾ?"

ಮುಂದಿನ ಎರಡು ಶನಿವಾರ ಕಮಲಾ ಬೇರೆ ಮೂಲೆಯಲ್ಲಿ ಕೂತರು. ಮೂರನೆಯದಕ್ಕೆ ಬರಲೇ ಇಲ್ಲ. ಬಾಯಿಬಿಟ್ಟು ತಪ್ಪು ಮಾಡಿದೆನೇನೋ ಎಂದು ರುದ್ರಾಣಿ ಒಳಗೊಳಗೇ ಕೊರಗಿದಳು. ಆದರೆ ಅಷ್ಟರಲ್ಲಿ ಕಮಲಾ ಯಾರಿಗೂ ಹೇಳದೆ ಕಣ್ಣಿನ ಪರೀಕ್ಷೆ ಮಾಡಿಸಿಕೊಂಡಿದ್ದರು. ಎರಡೂ ಕಣ್ಣಿನಲ್ಲಿ ಪೊರೆ ಬಲಿತಿತ್ತು.

ಶಸ್ತ್ರಚಿಕಿತ್ಸೆ ಮುಗಿಸಿ ಬಂದವರೇ ತಮ್ಮ ಚಿತ್ರದೆದುರು ನಿಂತುಬಿಟ್ಟರು.

"ನಿಧಿ, ಇದೇನೇ ಇದು, ಸಮುದ್ರಕ್ಕೆ ಹುಳಿ ಚೆಲ್ಲಿದ ಹಾಗಿದೆ! ಇದನ್ನ ಹೊಗಳಿದ್ಯಲ್ಲ?"

ನಿಧಿ ಕುಂಚ ತೊಳೆಯಲು ಹೋದಳು. ಕಮಲಾ ರುದ್ರಾಣಿಯ ಕಡೆ ತಿರುಗಿದರು.

"ನಿನ್ನಿಂದ ನನ್ನ ಶೈಲಿಯೇ ಹೋಯ್ತು ಕಣೆ," ಎಂದು ಅವಳ ಕೈ ಹಿಡಿದುಕೊಂಡರು. ಬಹಳ ಹೊತ್ತು ಬಿಡಲಿಲ್ಲ.

ಈಗ ಇಬ್ಬರೂ ಮತ್ತೆ ಅಕ್ಕಪಕ್ಕ. ಕಮಲಾರ ಹೊಸ ಸಮುದ್ರ ಕಣ್ಣು ಕುಕ್ಕುವಷ್ಟು ನೀಲಿ, ಆದರೆ ಹೇಳುವ ಧೈರ್ಯ ಯಾರಿಗೂ ಇಲ್ಲ. ಕಳೆದ ಶನಿವಾರ ಪರದೆಯ ಮೇಲೆ ಮೋನೆಯ ನೈದಿಲೆಗಳು ಅರಳಿದವು. ರುದ್ರಾಣಿ ತುಟಿ ಬಿಚ್ಚಲಿಲ್ಲ.

"ಏನೇ, ಇವತ್ತು ಯಾವ ಕಾಯಿಲೆಯೂ ಇಲ್ವಾ?" ಕಮಲಾ ಪಿಸುಗುಟ್ಟಿದರು.

"ಸುಮ್ನಿರ್ರಿ ಆಂಟಿ. ನೋಡಾಕತ್ತೀನಿ."