ನಾನು ಬರುವ ತನಕ ತೆಗೆಯದ ಡಬ್ಬಿ

ತಮ್ಮನಿಗೆ ಈಗಲೂ ನಾನು ಫೋನ್ ಮಾಡುತ್ತೇನೆ. ಅವ್ವನ ಮಂಡಿನೋವು, ಮನೆಯ ನೀರಿನ ಮೋಟರು, ಯಾರ ಮದುವೆಗೆ ಯಾರು ಹೋಗಬೇಕು, ಇಂಥ ಮಾತು ಎಷ್ಟು ಬೇಕಾದರೂ ಆಗುತ್ತದೆ. ವಿಡಿಯೋ ಗೇಮಿನ ಮಾತು ಮಾತ್ರ ಬರುವುದಿಲ್ಲ. ಅಪ್ಪಿತಪ್ಪಿ ಬಂದರೆ ಅವನು ನಗುತ್ತಾನೆ. "ಅಕ್ಕ, ಒಂದು ಡಬ್ಬಿಗೆ ಇಷ್ಟು ಸಿಟ್ಟಾ?" ಅನ್ನುತ್ತಾನೆ. ಹೌದು, ಒಂದು ಡಬ್ಬಿಗೇ. ಆ ಡಬ್ಬಿ ಎಂಥದೆಂದು ಗೊತ್ತಿದ್ದವರು ಹಾಗೆ ಕೇಳುವುದಿಲ್ಲ. ಗೊತ್ತಿದ್ದೂ ಕೇಳುವವನು ಅವನೊಬ್ಬನೇ.

ನಮ್ಮ ತವರು ಚಳ್ಳಕೆರೆ. ಅಪ್ಪ ಎಣ್ಣೆ ಮಿಲ್ಲುಗಳಿಗೆ ಶೇಂಗಾ ಕೊಡಿಸುವ ವ್ಯಾಪಾರದಲ್ಲಿದ್ದರು. ಕುದಾಪುರದ ಕಡೆ ಕೆಲಸಕ್ಕೆ ಬಂದಿದ್ದ ಹೊರಗಿನವರೊಬ್ಬರು ವರ್ಗವಾಗಿ ಹೋಗುವಾಗ ಮನೆಯ ಸಾಮಾನು ಮಾರಿದರು. ಅಪ್ಪ ಮಂಚ ತರಲು ಹೋದವರು ಮಂಚದ ಜೊತೆಗೆ ಒಂದು ಗೇಮಿನ ಯಂತ್ರವನ್ನೂ ತಂದರು. ಅದರೊಂದಿಗೆ ಎರಡು ಜಾಯ್‌ಸ್ಟಿಕ್, ಒಂದೇ ಒಂದು ಸಿಡಿ. ನಾನಾಗ ಕಾಲೇಜಿನಲ್ಲಿದ್ದೆ, ತಮ್ಮ ಹೈಸ್ಕೂಲಿನಲ್ಲಿ.

ಆ ಸಿಡಿಯಲ್ಲಿದ್ದದ್ದು ಇಬ್ಬರು ಕುರಿಗಾಹಿಗಳ ಆಟ. ಹಿಮದ ಬೆಟ್ಟ ದಾಟಿಸಿ ಮಂದೆಯನ್ನು ಆಚೆ ಕಣಿವೆಗೆ ಮುಟ್ಟಿಸಬೇಕು. ಒಬ್ಬರ ಕೈಲಿ ಲಾಂದ್ರ, ಇನ್ನೊಬ್ಬರ ಕೈಲಿ ಕೊಳಲು. ಲಾಂದ್ರದವರು ದಾರಿ ತೋರಿಸದಿದ್ದರೆ ಕೊಳಲಿನವರು ಹಳ್ಳಕ್ಕೆ ಬೀಳುತ್ತಾರೆ, ಕೊಳಲು ಊದದಿದ್ದರೆ ಕುರಿ ನಿಂತಲ್ಲೇ ನಿಲ್ಲುತ್ತವೆ. ಒಬ್ಬರೇ ಕೂತು ಆಡಲು ಬರುವುದೇ ಇಲ್ಲ. ನಾನು ಲಾಂದ್ರ, ಅವನು ಕೊಳಲು. ಅವ್ವನಿಗೆ ಅದನ್ನು ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು. "ನನ್ನಿವಾಳದ ದಾರಿ ಹಿಡಿದ್ರೆ ಬೇಕಾದಷ್ಟು ನಿಜವಾದ ಕುರಿ ಅದಾವೆ. ಅಲ್ಲಿ ಹೋಗಿ ಕಾಯ್ರಿ, ದಿನಕ್ಕೆ ಒಂದು ಲೋಟ ಹಾಲಾದ್ರೂ ಸಿಗ್ತೈತೆ" ಅನ್ನುತ್ತಿದ್ದಳು. ಅಕ್ಕತಮ್ಮ ಅಂದಮೇಲೆ ಹಾವು ಮುಂಗುಸಿ ಅನ್ನುವುದು ಲೋಕರೂಢಿ. ನಾವೂ ಹಾಗೇ ಇದ್ದೆವು, ಊಟದಲ್ಲಿ, ಫ್ಯಾನಿನ ಕೆಳಗಿನ ಜಾಗದಲ್ಲಿ, ಅಪ್ಪನ ಬೈಕಿನಲ್ಲಿ. ಆ ಬೆಟ್ಟ ಹತ್ತುವಾಗ ಮಾತ್ರ ಜಗಳವಿರಲಿಲ್ಲ. ಅವನು ಬಾಯಿ ತೆರೆಯುವ ಮೊದಲೇ ನಾನು ಲಾಂದ್ರ ಎತ್ತಿರುತ್ತಿದ್ದೆ.

ನನಗೆ ಮೊಳಕಾಲ್ಮೂರಿನ ಸಂಬಂಧ ನಿಶ್ಚಯವಾದ ಮೇಲೆ ಆ ಆಟದ ಎರಡನೇ ಭಾಗ ಬಂತು. ಬರೀ ಸಿಡಿಯಲ್ಲ, ಸಂಗ್ರಹಿಸಿಡುವವರಿಗೆಂದೇ ಕೆಲವೇ ಕೆಲವು ಮಾಡಿದ ತಗಡಿನ ಡಬ್ಬಿ. ಒಳಗೆ ಸಿಡಿ, ಕಣಿವೆಯ ನಕ್ಷೆ, ಕುರಿಯ ಕೊರಳಿನ ಪುಟ್ಟ ಗಂಟೆ. ನಾನೂ ತಮ್ಮನೂ ಸೇರಿ ತರಿಸಿದೆವು. ಕೊರಿಯರ್‌ನವನು ಬಾಗಿಲಿಗೆ ಬಂದದ್ದು ನನಗೆ ಅರಿಶಿನ ಹಚ್ಚುತ್ತಿದ್ದ ದಿನ. ಮೊಣಕೈ ತನಕ ಅರಿಶಿನ ಮೆತ್ತಿಕೊಂಡು ಮಣೆಯ ಮೇಲೆ ಕೂತಿದ್ದೆ. ತಮ್ಮ ರಟ್ಟು ಬಿಚ್ಚಿ ಡಬ್ಬಿಯನ್ನು ದೂರದಿಂದ ತೋರಿಸಿದ. ಮೇಲೆ ಕನ್ನಡಿಯಂತೆ ಹೊಳೆಯುವ ತೆಳು ಪ್ಲಾಸ್ಟಿಕ್ಕು. ಕೈ ಚಾಚಿದೆ. "ಮುಟ್ಟಬ್ಯಾಡ, ಅರಿಶಿನ ಹತ್ತುತ್ತೆ" ಅಂದ. ಆಮೇಲೆ ಹತ್ತಿರ ಬಂದು, ಹೆಂಗಸರಿಗೆ ಕೇಳಿಸದ ಹಾಗೆ ಹೇಳಿದ: "ನೀನು ಬರೋ ತನಕ ತೆಗೆಯಲ್ಲ ಅಕ್ಕ. ಇಬ್ರೂ ಕೂತು ತೆಗೆಯೋಣ."

ಅವತ್ತು ನಾನು ಅತ್ತುಬಿಟ್ಟೆ. ಮದುವೆಗೆ ಅಳುತ್ತಿದ್ದಾಳೆ ಅಂದುಕೊಂಡು ಅತ್ತಿಗೆಯರು ಸಮಾಧಾನ ಮಾಡಿದರು.

ನನ್ನ ಗಂಡನ ಮನೆಯವರದು ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಯ ಅಂಗಡಿ. ನೇಯುವವರು ತೆಲುಗಿನಲ್ಲಿ ಮಾತಾಡುತ್ತಾರೆ, ಕೊಳ್ಳುವವರು ಕನ್ನಡದಲ್ಲಿ ಚೌಕಾಸಿ ಮಾಡುತ್ತಾರೆ, ಎರಡರ ನಡುವೆ ಗಲ್ಲಾದಲ್ಲಿ ಕೂರುವುದನ್ನು ನಾನು ಬೇಗ ಕಲಿತೆ. ಅದಕ್ಕಿಂತ ಮುಂಚೆ ಕಲಿತದ್ದು ಮಡಿಕೆ. ಗಿರಾಕಿ ಒಂದು ಸೀರೆಯನ್ನು ಪೂರ್ತಿ ಬಿಚ್ಚಿಸಿ, ಸೆರಗು ಹೆಗಲಿಗೆ ಹಾಕಿ ನೋಡಿ, ಬೇಡ ಅಂದು ಎದ್ದು ಹೋಗುತ್ತಾಳೆ. ಆ ಸೀರೆಯನ್ನು ಅದರ ಹಳೆಯ ಗೆರೆಗಳ ಮೇಲೆಯೇ ಮಡಚಿ, ಕವರಿಗೆ ಹಾಕಿ, ಸೀಲಿಂಗ್ ಮಿಷನ್ನಿನಲ್ಲಿ ಬಾಯಿ ಒತ್ತಬೇಕು. ಮುಂದಿನ ಗಿರಾಕಿಗೆ ಅದನ್ನು ತನಗಾಗಿಯೇ ಮೊದಲ ಸಲ ಬಿಚ್ಚುತ್ತಿದ್ದಾರೆ ಅನ್ನಿಸಬೇಕು. ಇದರಲ್ಲಿ ಮೋಸವೇನಿಲ್ಲ, ಸೀರೆ ಹೊಸದೇ. ಆದರೂ ಹೆಣ್ಣುಮಕ್ಕಳಿಗೆ ಆ ಮೊದಲ ಸಲ ಬೇಕು, ಅದನ್ನು ನಾನು ತಪ್ಪು ಅನ್ನುವುದಿಲ್ಲ.

ಹಬ್ಬಕ್ಕೆ ತವರಿಗೆ ಹೋದಾಗಲೆಲ್ಲ ಡಬ್ಬಿ ನಡುಮನೆಯ ಗಾಜಿನ ಕಪಾಟಿನಲ್ಲಿ ಕೂತಿರುತ್ತಿತ್ತು. ತೆಗೆಯೋಣ ಬಾ ಅಂದರೆ ತಮ್ಮ ಒಂದು ಪುರಾಣ ಬಿಚ್ಚುತ್ತಿದ್ದ. ಅಷ್ಟು ಹೊತ್ತಿಗೆ ಅವನು ಫೋನಿನಲ್ಲಿ ಇಂಥವನ್ನು ಸಂಗ್ರಹಿಸುವವರ ಯಾವುದೋ ಗುಂಪು ಸೇರಿದ್ದ. ಅಲ್ಲಿ ಸೀಲು ಒಡೆದವರನ್ನು ಮೈಲಿಗೆಯಾದವರಂತೆ ನೋಡುತ್ತಾರಂತೆ.

"ಒಡೆದ್ರೆ ಅದು ಬರೀ ಆಟ ಅಕ್ಕ. ಒಡೀದೆ ಇಟ್ರೆ ಅದಕ್ಕೊಂದು ತೂಕ ಐತೆ. ಇನ್ನೊಂದಷ್ಟು ವರ್ಷ ಬಿಡು, ಇಡೀ ದೇಶದಾಗೆ ಇಂಥದು ಬೆರಳೆಣಿಕೆಯಷ್ಟು ಉಳೀತವೆ."

"ಆಡೋಕೆ ಮಾಡಿದ್ದನ್ನ ಆಡಬೇಕಪ್ಪ" ಅಂತ ನಾನು. ನಮ್ಮ ಅತ್ತೆಯ ಧಾರೆ ಸೀರೆಯ ಕತೆ ಹೇಳಿದೆ. ಚೆನ್ನಾಗಿರಲಿ ಅಂತ ಅವರು ಅದನ್ನು ಉಡದೆ, ಗಾಳಿಗೂ ಹಾಕದೆ ಪೆಟ್ಟಿಗೆಯಲ್ಲೇ ಇಟ್ಟಿದ್ದರು. ಮಗನ ಮದುವೆಗೆಂದು ಬಿಚ್ಚಿದರೆ ಮಡಿಕೆಯ ಗೆರೆಗಳಲ್ಲೇ ಸೀಳಿ ತುಂಡುತುಂಡಾಗಿ ಬಂತು. ಜರಿ ಹಾಗೆಯೇ, ಮಡಚಿದಲ್ಲೇ ಬಿಟ್ಟರೆ ರೇಷ್ಮೆಯನ್ನು ಕತ್ತರಿಸುತ್ತದೆ.

"ಇದೇನು ಸೀರೆನಾ?" ಅಂದ ತಮ್ಮ. "ಮತ್ತೆ ನೀನು ಬರೋದು ಎರಡು ದಿನಕ್ಕೆ. ಅರ್ಧ ಬೆಟ್ಟ ಹತ್ತೋದ್ರಾಗೆ ಭಾವ ಫೋನ್ ಮಾಡ್ತಾನೆ. ಅರ್ಧಂಬರ್ಧ ಆಡೋದಕ್ಕೆ ಸೀಲು ಯಾಕೆ ಒಡೀಬೇಕು?"

ಆ ಮಾತು ನಿಜವಾಗಿತ್ತು. ಕಪಾಟಿನ ಬಾಗಿಲಿಗೆ ಕೈ ಹಾಕಿದರೆ ಬೆವರು ಹತ್ತುತ್ತದೆ ಅನ್ನುತ್ತಿದ್ದ, ನಾನು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೆ. ಬರಬರುತ್ತಾ ನನಗೂ ಅದು ಮುಚ್ಚಿಯೇ ಇರುವುದು ಹಿತವಾಗತೊಡಗಿತು. ಮದುವೆಯಾದ ಹೆಣ್ಣಿಗೆ ತವರಿನಲ್ಲಿ ಒಂದೊಂದೇ ವಸ್ತು ಬೇರೆಯವರದಾಗುತ್ತದೆ. ನನ್ನ ಮೇಜು ತಮ್ಮನದಾಯಿತು, ನನ್ನ ಗೂಡಿನಲ್ಲಿ ಅವ್ವನ ಉಪ್ಪಿನಕಾಯಿ ಭರಣಿ ಕೂತವು. ಆ ಡಬ್ಬಿ ಮಾತ್ರ ನಾನಿಲ್ಲದೆ ತೆರೆಯುವುದಿಲ್ಲ. ಮೊಳಕಾಲ್ಮೂರಿನ ಅಂಗಡಿಯಲ್ಲಿ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅದನ್ನು ನೆನೆಸಿಕೊಳ್ಳುತ್ತಿದ್ದೆ. ನನಗಾಗಿ ಒಂದು ಬೆಟ್ಟ ಕಾಯುತ್ತಿದೆ ಅನ್ನಿಸುತ್ತಿತ್ತು. ಇದನ್ನು ಗಂಡನಿಗೂ ಹೇಳಿದ್ದೆ. ಅವರು ನಕ್ಕು, "ಮಕ್ಕಳಾಟ ಬಿಡು" ಅಂದಿದ್ದರು. ತವರಿನಿಂದ ಬಂದಾಗಲೆಲ್ಲ "ನಿಮ್ಮ ಕುರಿಗಳು ಹೆಂಗಿದಾವೆ?" ಅಂತ ಚುಡಾಯಿಸುತ್ತಿದ್ದರು.

ಅವರು ವಾರಕ್ಕೊಮ್ಮೆ ಸೀರೆಯ ಗಂಟು ತೆಗೆದುಕೊಂಡು ಚಳ್ಳಕೆರೆಯ ಅಂಗಡಿಗಳಿಗೆ ಹೋಗುತ್ತಾರೆ. ಊಟಕ್ಕೆ ನಮ್ಮ ತವರು. ಅಳಿಯ ಮನೆಯವನ ಹಾಗೆ ಹೊಂದಿಕೊಂಡ ಅಂತ ಅವ್ವನಿಗೆ ಹಿಗ್ಗು, ನನಗೂ ಹಿಗ್ಗು. ಆ ದಿನ ಅಂಗಡಿ ನೋಡಿಕೊಳ್ಳುವುದು ನನ್ನ ಪಾಲು. ಕೆಲವು ಸಲ ಅವರು ಬರುವುದು ತಡವಾಗುತ್ತಿತ್ತು. "ಸೇಟು ಕೂರಿಸ್ಬಿಟ್ಟ" ಅನ್ನುತ್ತಿದ್ದರು. ಪಾಪ, ಬಿಸಿಲಲ್ಲಿ ಅಲೆದು ಬಂದರು ಅಂತ ನಾನು ಮಜ್ಜಿಗೆ ಮಾಡಿ ಕೊಡುತ್ತಿದ್ದೆ.

ಈಚಿನ ಒಂದು ಆಯುಧಪೂಜೆಗೆ ನಾವಿಬ್ಬರೂ ಚಳ್ಳಕೆರೆಗೆ ಹೋಗಿದ್ದೆವು. ಅವ್ವನ ಆಯುಧಪೂಜೆ ಅಂದರೆ ಮನೆಯಲ್ಲಿ ಕರೆಂಟು ತಿನ್ನುವ, ಕಬ್ಬಿಣವಿರುವ ಯಾವುದಕ್ಕೂ ಬಿಡುಗಡೆಯಿಲ್ಲ. ಮಿಕ್ಸಿ, ಈಳಿಗೆಮಣೆ, ಬೈಕು, ಟಿವಿ, ಗೇಮಿನ ಯಂತ್ರ, ಎಲ್ಲವನ್ನೂ ಒರೆಸಿ ಸಾಲಾಗಿ ಇಟ್ಟು ವಿಭೂತಿ, ಕುಂಕುಮ ಹಚ್ಚಬೇಕು. ತಮ್ಮ ಬೈಕು ತೊಳೆಯಲು ಹಿತ್ತಲಿಗೆ ಹೋಗಿದ್ದ. ನನ್ನ ಗಂಡ ನಡುಮನೆಯಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಕೂತಿದ್ದರು. ಅವ್ವ ಕಪಾಟು ತೆರೆದು, "ಇದೂ ತಗಡೇ, ಇದನ್ನೂ ಒರೆಸು" ಅಂತ ಡಬ್ಬಿ ತೆಗೆದು ನನ್ನ ಕೈಗೆ ಕೊಟ್ಟಳು. ಅವಳಿಗೆ ಏನೂ ಹೊಳೆದಿರಲಿಲ್ಲ.

ಅದನ್ನು ನಾನು ಮುಟ್ಟಿದ್ದು ಅದೇ ಮೊದಲು. ಸೆರಗಿನಿಂದ ಮೆಲ್ಲಗೆ ಧೂಳು ಒರೆಸಿದೆ. ಬೆನ್ನ ಕಡೆ ತಿರುಗಿಸಿ ಹೆಬ್ಬೆರಳು ಆಡಿಸಿದೆ. ಸೀಲಿನ ಗೆರೆ ನೇರ ಬಂದು ಬಲತುದಿಯಲ್ಲಿ ಅಕ್ಕಿಕಾಳಿನಷ್ಟು ಮೇಲಕ್ಕೆ ಬಾಗಿತ್ತು.

ನಮ್ಮ ಅಂಗಡಿಯ ಸೀಲಿಂಗ್ ಮಿಷನ್ನಿನ ತಂತಿ ನಾನು ಮದುವೆಯಾಗಿ ಬಂದಾಗಿನಿಂದಲೂ ಬಲಗಡೆ ಸ್ವಲ್ಪ ಬಾಗಿದೆ. ಸರಿ ಮಾಡಿಸಿ ಅಂತ ನಾನು ಹೇಳುತ್ತಲೇ ಇರುತ್ತೇನೆ. "ಕೆಲ್ಸ ಆಗ್ತೈತಲ್ಲ ಬಿಡು" ಅನ್ನುತ್ತಾರೆ. ಅದರಲ್ಲಿ ಒತ್ತಿದ ಪ್ರತಿಯೊಂದು ಕವರಿಗೂ ಬಲತುದಿಯಲ್ಲಿ ಆ ಸೊಟ್ಟ ಇರುತ್ತದೆ. ದಿನಬೆಳಗಾದರೆ ನನ್ನ ಹೆಬ್ಬೆರಳು ಅದರ ಮೇಲೆ ಹೋಗುತ್ತದೆ. ಕಣ್ಣು ಕಟ್ಟಿದರೂ ಗುರುತು ಹಿಡಿಯುತ್ತೇನೆ.

ಮೊದಲು ನನಗೆ ಸಿಟ್ಟು ಬರಲಿಲ್ಲ. ಆ ಸೊಟ್ಟದ ಮೇಲೆ ಇನ್ನೊಮ್ಮೆ ಹೆಬ್ಬೆರಳು ಆಡಿಸುತ್ತ ಅಲ್ಲೇ ಕೂತೆ.

"ರೀ, ಇದಕ್ಕೆ ಸೀಲು ಒತ್ತಿದ್ದು ಯಾರು?"

ಅವರ ಕೈ ಮಂಡಕ್ಕಿಯಲ್ಲೇ ನಿಂತಿತು. ಅಷ್ಟರಲ್ಲಿ ಒಳಗೆ ಬಂದ ತಮ್ಮ, "ಕಂಪನಿಯೋರು ಅಕ್ಕ, ಇನ್ಯಾರು?" ಅಂದ.

"ಕಂಪನಿಯೋರು ಮೊಳಕಾಲ್ಮೂರಿಗೆ ಬಂದು ನಮ್ಮ ಅಂಗಡಿ ಮಿಷನ್ ಇಸ್ಕಂಡು ಹೋಗಿದ್ರಾ?"

ಅವ್ವ ಕುಂಕುಮದ ಬಟ್ಟಲು ಹಿಡಿದುಕೊಂಡೇ ಹೇಳಿದಳು: "ನಾನು ಅವತ್ತೇ ಅಂದಿದ್ದೆ, ಅವಳಿಗೊಂದು ಮಾತು ಹೇಳ್ರಪ್ಪ ಅಂತ."

ಅಂದರೆ ಅವ್ವನಿಗೂ ಗೊತ್ತಿತ್ತು.

ನನ್ನ ಗಂಡನೇ ಬಾಯಿಬಿಟ್ಟರು. ನಮ್ಮ ಮದುವೆಯಾದ ವರ್ಷವೇ ಅದು ನಡೆದದ್ದಂತೆ. "ಊಟ ಮಾಡಿ ಸುಮ್ನೆ ಕೂತಿದ್ದೆ. ಬಿಸ್ಲು ಬ್ಯಾರೆ. ಒಬ್ನೇ ಆಡೋಕೆ ಬರಲ್ಲ ಭಾವ, ಒಂದು ಸ್ವಲ್ಪ ಕೂತ್ಕ ಅಂದ. ಕೂತೆ. ಆಮೇಲೆ ಬಿಡೋಕೆ ಆಗ್ಲಿಲ್ಲ ನೋಡು."

"ಲಾಂದ್ರ ಯಾರು ಹಿಡಿದ್ರಿ?"

"ನಾನೇ" ಅಂದರು.

ಬೇಲಿಯೇ ಎದ್ದು ಹೊಲ ಮೇಯ್ದದ್ದು ಇದು. ನಾನು ಅಂಗಡಿಯಲ್ಲಿ ಕೂತು ಕವರಿಗೆ ಸೀಲು ಒತ್ತುತ್ತಿದ್ದ ಮಧ್ಯಾಹ್ನಗಳಲ್ಲೇ ಇವರು ನನ್ನ ಜಾಗದಲ್ಲಿ ಕೂತು ನನ್ನ ಲಾಂದ್ರ ಹಿಡಿದು ನನ್ನ ತಮ್ಮನ ಜೊತೆ ಬೆಟ್ಟ ಹತ್ತುತ್ತಿದ್ದರು. ಅವ್ವ ಇಬ್ಬರಿಗೂ ಟೀ ಕೊಡುತ್ತಿದ್ದಳು. ಸೇಟು ಕೂರಿಸಿದ್ದಲ್ಲ, ಕೂರಿಸಿದ್ದು ಕುರಿಗಳು. ಆಟ ಮುಗಿದ ಮೇಲೆ ಸಿಡಿ, ನಕ್ಷೆ, ಗಂಟೆ ಎಲ್ಲವನ್ನೂ ಇದ್ದ ಹಾಗೆ ಇಟ್ಟು, ಡಬ್ಬಿಯನ್ನು ಸೀರೆ ಗಂಟಿನಲ್ಲಿ ಮೊಳಕಾಲ್ಮೂರಿಗೆ ತಂದು, ಧಾರೆ ಸೀರೆಯ ಪೆಟ್ಟಿಗೆಗೆ ಸುತ್ತುವ ತೆಳು ಪ್ಲಾಸ್ಟಿಕ್ಕು ಸುತ್ತಿ ಸೀಲು ಹೊಡೆದು ಮರಳಿಸಿದ್ದರು. ಆಮೇಲಿನ ಹಬ್ಬಗಳಿಗೆಲ್ಲ ಆ ಡಬ್ಬಿಯ ಮುಂದೆ ನಿಂತು ತಮ್ಮ ನನಗೆ ಸೀಲಿನ ಮಹಿಮೆ ಹೇಳಿದ್ದ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

"ನನಗೆ ಯಾಕೆ ಹೇಳ್ಲಿಲ್ಲ?"

"ನಿಂಗೆ ಬ್ಯಾಸರ ಆಗ್ತೈತೆ ಅಂತ" ಅಂದರು ಗಂಡ.

ತಮ್ಮನೂ ತಲೆಯಾಡಿಸಿದ. ಅವ್ವನಂತೂ, "ಇಬ್ರೂ ಹೊಂದಿಕೊಂಡು ಕೂತಿದ್ರು ಕಣವ್ವ, ನೋಡೋಕೆ ಚೆಂದ ಇತ್ತು" ಅಂದಳು. ಮೂವರೂ ಸೇರಿ ನನಗೆ ಬೇಸರವಾಗದ ಹಾಗೆ ನೋಡಿಕೊಂಡಿದ್ದರು. ಗಿರಾಕಿ ಬಿಚ್ಚಿ ಬಿಟ್ಟ ಸೀರೆಯನ್ನು ಹಳೆಯ ಗೆರೆಯ ಮೇಲೆ ಮಡಚುವುದು ನನಗೆ ಗೊತ್ತಿದ್ದ ಕೆಲಸವೇ. ನನ್ನನ್ನೇ ಮುಂದಿನ ಗಿರಾಕಿ ಮಾಡುತ್ತಾರೆ ಅಂತ ಮಾತ್ರ ನನಗೆ ಗೊತ್ತಿರಲಿಲ್ಲ. ಅದೂ ನನ್ನ ಮನೆಯವರೇ, ನನ್ನದೇ ಮಿಷನ್ನಿನಲ್ಲಿ.

ತಮ್ಮ ನನ್ನ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತ. "ಈಗೇನಾಯ್ತು, ಬಾ ಅಕ್ಕ. ಇವತ್ತೇ ತೆಗೆಯೋಣ. ನಾನು ಮುಂದಿನದು ಏನೂ ಹೇಳಲ್ಲ. ಮೊದ್ಲನೇ ಸಲ ಆಡ್ದಂಗೇ ಆಡ್ತೀನಿ."

ಅವನು ಮನಸಾರೆ ಹೇಳಿದ, ಸುಳ್ಳಲ್ಲ. ಅದಕ್ಕೇ ಈಗ ಸಿಟ್ಟು ಬಂತು. ಡಬ್ಬಿಯನ್ನು ಎಸೆಯಬೇಕು ಅನ್ನಿಸಿತು, ಬ್ಲೇಡು ತಂದು ಸೀಳಬೇಕು ಅನ್ನಿಸಿತು. ಎರಡನ್ನೂ ಮಾಡಲಿಲ್ಲ. ತೆಗೆದರೆ ಒಳಗಿರುವುದು ಅವರಿಬ್ಬರ ಆಟ, ತೆಗೆಯದಿದ್ದರೆ ಮೇಲಿರುವುದು ಅವರಿಬ್ಬರ ಸೀಲು. ಅದನ್ನು ಅವನ ಮಡಿಲಿಗೆ ಇಟ್ಟೆ.

"ಆಡೋದು ಬ್ಯಾಡ" ಅಂದೆ. "ಕೊನೆಗೆ ಏನಾಗ್ತೈತೆ ಹೇಳು ಸಾಕು. ಕುರಿಗಳು ಮುಟ್ಟುತಾವಾ?"

ತಮ್ಮ ನನ್ನ ಮುಖ ನೋಡಲಿಲ್ಲ, ಭಾವನ ಮುಖ ನೋಡಿದ. ಅವರೂ ಇವನನ್ನು ನೋಡಿದರು. ಅಲ್ಲಿ ಏನೋ ಆಗಿದ್ದಿರಬೇಕು, ಆ ಕೊನೆಯ ಕಣಿವೆಯಲ್ಲಿ, ಯಾರೋ ಬಿದ್ದದ್ದೋ, ಯಾವುದೋ ಕುರಿ ಹಟ ಮಾಡಿದ್ದೋ. ಇಬ್ಬರಿಗೂ ಅದು ಒಂದೇ ಸಲ ನೆನಪಾಯಿತು. ನನ್ನ ಮುಂದೆ ನಗಬಾರದು ಅಂತ ತಮ್ಮ ತುಟಿ ಕಚ್ಚಿಕೊಂಡ, ನನ್ನ ಗಂಡ ಕೆಮ್ಮಿದರು. ಆದರೂ ತಡೆಯಲಾಗದೆ ಇಬ್ಬರೂ ನಕ್ಕುಬಿಟ್ಟರು. ಆ ನಗು ನನ್ನದೂ ನನ್ನ ತಮ್ಮನದೂ ಆಗಬೇಕಿತ್ತು.