ಮೇಜಿಗೆ ಊರಿದ ಕಿರುಬೆರಳು

ಬೆಸುಗೆ ಹಾಕುವಾಗ ಅಂಕಲ್ ಬಲಗೈಯ ಕಿರುಬೆರಳನ್ನು ಮೇಜಿಗೆ ಊರುತ್ತಿದ್ದರು, ಉಗುರು ಬೆಳ್ಳಗಾಗುವಷ್ಟು ಬಲವಾಗಿ. ಉಳಿದ ಬೆರಳುಗಳು ಕಾದ ಕಡ್ಡಿಯನ್ನು ಹಿಡಿದಿದ್ದರೆ ಆ ಒಂದು ಬೆರಳು ಇಡೀ ಮನುಷ್ಯನನ್ನು ಹೊತ್ತು ನಿಂತಂತೆ ಕಾಣುತ್ತಿತ್ತು. ಸರ್ಜನ್‌ಗಳ ಶೈಲಿ ಇರಬೇಕೆಂದು ನಾನು ಅದನ್ನೂ ನನ್ನ ಸಂಗ್ರಹಕ್ಕೆ ಸೇರಿಸಿಕೊಂಡೆ.

ನನ್ನ ಸಂಗ್ರಹವೆಂದರೆ ಕಂಡವರ ನಡಿಗೆ, ಕೆಮ್ಮು, ಮಾತು. ಯಾರನ್ನೂ ಅನುಕರಿಸದೆ ಬಿಟ್ಟವನಲ್ಲ. ಪರ್ತ್‌ನಲ್ಲಿ ಓದು ಮುಗಿಸಿ ಬ್ರಿಸ್ಬೇನ್‌ಗೆ ಕೆಲಸಕ್ಕೆ ಬಂದಾಗ, ಇಂಟರ್‌ವ್ಯೂನಲ್ಲಿ ನಾನು ತೊದಲಿದ್ದನ್ನು ನಾನೇ ಮಾಡಿ ತೋರಿಸಿ ಗೆಳೆಯರನ್ನು ಸಂಪಾದಿಸಿದ್ದೆ. ಅಂಕಲ್ ಕ್ಯಾಲಮ್‌ವೇಲ್‌ನಲ್ಲಿ ನನ್ನ ಪಕ್ಕದ ಮನೆಯವರು. ಮೂಲ ಮಂಗಳೂರು, ನಡುವೆ ಕುವೈತ್, ಆ ಹೊತ್ತಿಗೆ ಇಪ್ಸ್‌ವಿಚ್‌ನ ಆಸ್ಪತ್ರೆಯಲ್ಲಿ ಸರ್ಜನ್. ಬಿಡುವಾದರೆ ಹಿತ್ತಲ ಶೆಡ್ಡಿನಲ್ಲಿ ಪುಟ್ಟ ರೈಲುಗಳು. ಆಟದ ರೈಲು ಎಂದರೆ ಸಿಟ್ಟು. "ಮಾಡೆಲ್ ಅನ್ನು ಮಾರಾಯ. ಆಟದ್ದು ನಿನ್ನ ಕೆಲಸ."

ಆಗ ಡಿಕೋಡರ್‌ಗಳು ಹೊಸದಾಗಿ ಬರುತ್ತಿದ್ದವು. ಹೆಬ್ಬೆರಳಿನ ಉಗುರಿನಷ್ಟು ಹಸಿರು ಹಲಗೆ. ಅದನ್ನು ಎಂಜಿನ್ನಿನ ಹೊಟ್ಟೆಯಲ್ಲಿ ಕೂರಿಸಿದರೆ ಒಂದೇ ಹಳಿಯ ಮೇಲಿನ ನಾಲ್ಕು ಎಂಜಿನ್ನುಗಳು ಬೇರೆ ಬೇರೆ ಅಪ್ಪಣೆಯಂತೆ ಓಡುತ್ತವೆ. ತೊಂದರೆ ಹಳೆಯ ಎಂಜಿನ್ನುಗಳದ್ದು. ಅವುಗಳ ಮೋಟರಿನ ಒಂದು ತುದಿ ಲೋಹದ ಮೈಗೇ ತಾಗಿಕೊಂಡಿರುತ್ತದೆ. ಅದನ್ನು ಪೂರ್ತಿ ಬಿಡಿಸದೆ ಡಿಕೋಡರ್ ಜೋಡಿಸಿದರೆ, ಕೂದಲೆಳೆಯಷ್ಟು ತಾಗಿದರೂ ಸಾಕು, ಒಂದೆಳೆ ಹೊಗೆ ಎದ್ದು ಎಲ್ಲ ಮುಗಿಯುತ್ತದೆ. ಅದಕ್ಕೇ ಅಂಕಲ್ ವಿದ್ಯುತ್ ಹರಿವು ನೋಡುವ ಮೀಟರಿನ ಎರಡು ಮೊನೆಗಳನ್ನು ಮೋಟರಿಗೂ ಮೈಗೂ ಮುಟ್ಟಿಸಿ ಕಿವಿಗೊಟ್ಟು ಕೂರುತ್ತಿದ್ದರು. ಪೀಂ ಎಂದರೆ ಎಲ್ಲೋ ತಾಗುತ್ತಿದೆ. ಮೂರು ಸಲ ಮೌನವಾದರೆ ಮಾತ್ರ ಮುಂದಿನ ಕೆಲಸ. ನಾನು ಉಸಿರು ಬಿಗಿಹಿಡಿದಿದ್ದು ಕಂಡರೆ ಅವರಿಗೆ ಖುಷಿ. "ಹೆದರಿಕೆ ಆಗ್ತದಾ? ಒಳ್ಳೇದು. ಹೆದರದವನ ಕೈಗೆ ನಾನು ಚಾಕುವೂ ಕೊಡುದಿಲ್ಲ, ಇದೂ ಕೊಡುದಿಲ್ಲ."

ಇಷ್ಟು ಹುಷಾರಿನ ಮನುಷ್ಯ ಆ ವರ್ಷ ಮೂರು ಡಿಕೋಡರ್ ಸುಟ್ಟರು. ಮೂರೂ ಸಲ ಮೀಟರ್ ಒಪ್ಪಿದ ಮೇಲೆ, ಕೊನೆಯ ತಂತಿ ಹಚ್ಚುವಾಗ, ಬೆಸುಗೆಯ ಹನಿಯೊಂದು ಬೀಳಬಾರದ ಕಡೆ ಬಿದ್ದಿತ್ತು. ಮಾಲು ಸರಿಯಿಲ್ಲವೆಂದು ಗೊಣಗಿದರು. ನಾನು ನಕ್ಕೆ. ಕಡ್ಡಿ ಕೆಳಗಿಟ್ಟ ಕೂಡಲೇ ಅವರ ಬಲಗೈ ಜೇಬಿಗೆ ಹೋಗುತ್ತಿದ್ದುದನ್ನು ಮಾತ್ರ ನನ್ನ ಹಾಳು ಕಣ್ಣು ನನ್ನನ್ನು ಕೇಳದೆಯೇ ಬರೆದಿಟ್ಟುಕೊಂಡಿತ್ತು.

ಒಂದು ಭಾನುವಾರ ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲಿ ಪರಿಚಯದವರ ಮನೆಯ ಬಾರ್ಬಿ, ಹಿತ್ತಲಲ್ಲಿ ಮಾಂಸ ಸುಟ್ಟು ತಿನ್ನುವ ಕೂಟ. ಸೇರಿದವರಲ್ಲಿ ಅರ್ಧ ಡಾಕ್ಟರುಗಳು. ಅಂಕಲ್‌ದು ಮಾಡೋ ಎಂದು ಯಾರೋ ಹುರಿದುಂಬಿಸಿದರು. ಮಾಂಸ ತಿರುವುವ ಇಕ್ಕಳವನ್ನೇ ಬೆಸುಗೆ ಕಡ್ಡಿ ಮಾಡಿಕೊಂಡೆ. ಮಾತು ಬಂತು, ಕಿರುಬೆರಳು ಮೇಜಿಗೆ ಊರಿತು, ಎಲ್ಲರೂ ನಕ್ಕರು, ಅಂಕಲ್ ಕೂಡ. ಆಮೇಲೆ ಇಕ್ಕಳ ಕೆಳಗಿಟ್ಟೆ. ಸುಮ್ಮನಿದ್ದ ನನ್ನ ಕೈಯಲ್ಲಿ ಹೆಬ್ಬೆರಳೂ ತೋರುಬೆರಳೂ ಬತ್ತಿ ಹೊಸೆಯುವಂತೆ ತಾವಾಗಿ ನಡುಗತೊಡಗಿದವು. ಕೈಯನ್ನು ಜೇಬಿಗೆ ತುರುಕಿದೆ. ಇನ್ನೂ ಜೋರು ನಗು.

ಅಂಕಲ್ ಜೊತೆ ಆಪರೇಷನ್ನಿನಲ್ಲಿ ಅರಿವಳಿಕೆ ಕೊಡುವ ಡಾಕ್ಟರ್ ಆಂಟಿಯೊಬ್ಬರಿದ್ದರು. ಮೊದಲು ನಗು ನಿಲ್ಲಿಸಿದವರು ಅವರು. ಅವರು ನನ್ನನ್ನು ನೋಡುತ್ತಿರಲಿಲ್ಲ, ಅಂಕಲ್ ಪ್ಯಾಂಟಿನ ಜೇಬನ್ನು ನೋಡುತ್ತಿದ್ದರು. ಅಂಕಲ್ ಕೈ ಅದರೊಳಗಿತ್ತು, ಬಟ್ಟೆ ಸಣ್ಣಗೆ ಅಲುಗುತ್ತಿತ್ತು. ನಾನೇನು ಮಾಡಿದೆನೆಂದು ಆಗ ತಿಳಿಯಿತು.

ಎರಡು ದಿನ ಬೇಲಿಯ ಕಡೆ ಮುಖ ಹಾಕಲಿಲ್ಲ. ಮೂರನೇ ದಿನ ಅವರೇ ಬೇಲಿಯಾಚೆಯಿಂದ ಸಂಜೆ ನಾಲ್ಕಕ್ಕೆ ಶೆಡ್ಡಿಗೆ ಬರಲು ಹೇಳಿದರು. ಇಪ್ಪತ್ತು ಹೆಜ್ಜೆಯ ದಾರಿಯಲ್ಲಿ ಕ್ಷಮೆಯನ್ನು ನಾಲ್ಕು ಜನರ ದನಿಯಲ್ಲಿ ಅಭ್ಯಾಸ ಮಾಡಿದೆ. ನನ್ನ ದನಿಯಲ್ಲಿ ಮಾತ್ರ ಬರಲಿಲ್ಲ.

ಬೈಗುಳಕ್ಕೆ ಸಿದ್ಧನಾಗಿದ್ದೆ. ಅವರು ದೀಪ ಹತ್ತಿರ ಎಳೆದರು. "ಎಲ್ಲಿ, ಇನ್ನೊಮ್ಮೆ ಮಾಡು."

"ಅಂಕಲ್, ತಮಾಷೆಗೆ ಜಾಸ್ತಿ ಮಾಡ್ಬಿಟ್ಟೆ. ನಿಜವಾಗ್ಲೂ ಹಾಗೇನಿಲ್ಲ."

"ನೀನು ಯಾವತ್ತೂ ಜಾಸ್ತಿ ಮಾಡುದಿಲ್ಲ. ಅದೇ ನಿನ್ನ ರೋಗ. ಮಾಡು."

ಮಾಡಿದೆ. ಅವರು ನನ್ನ ಕೈಯನ್ನು ರೋಗಿಯ ಕೈಯಂತೆ ನೋಡಿದರು. ಕೆಲಸ ಮಾಡುವಾಗಲೋ, ಸುಮ್ಮನಿದ್ದಾಗಲೋ? ಬಲಗೈ ಮಾತ್ರವೋ? ಯಾವಾಗಿನಿಂದ? ಸುಮ್ಮನಿದ್ದಾಗ ಹೆಚ್ಚು, ಬಲಗೈ ಮಾತ್ರ, ಕ್ರಿಸ್ಮಸ್‌ನಿಂದ ಎಂದೆ. ಅವರ ತುಟಿ ಅಲ್ಲಾಡಿತು. ಕ್ರಿಸ್ಮಸ್‌ನಿಂದೀಚೆಗೆ ತಾವು ಕುಯ್ದವರ ಹೆಸರುಗಳನ್ನು ಒಂದೊಂದಾಗಿ ನೆನೆಯುತ್ತಿದ್ದರು. ಯಾರಿಗೂ ಏನೂ ಆಗಿಲ್ಲ ಎಂದರು. ಸ್ವಲ್ಪ ಹೊತ್ತಿನ ಮೇಲೆ, ಆಗಿಲ್ಲ ಅಂತ ಕಾಣ್ತದೆ ಎಂದರು.

"ನಂಗೆ ಹೆದರಿಕೆ ಆಗ್ತಾ ಉಂಟು ಮಾರಾಯ."

ಆ ದನಿಯನ್ನು ನಾನು ಇವತ್ತಿಗೂ ಅನುಕರಿಸಲಾರೆ.

ಮರುದಿನ ಬೆಳಿಗ್ಗೆ, ಬೇರೆ ಯಾರೂ ಬಾಯಿಬಿಡುವ ಮೊದಲೇ, ಅವರೇ ಹೋಗಿ ಆಸ್ಪತ್ರೆಯ ಮೇಲಿನವರಿಗೆ ಹೇಳಿದರು. ಮತ್ತೆ ಚಾಕು ಹಿಡಿಯಲಿಲ್ಲ. ಪಾರ್ಕಿನ್ಸನ್ ಕಾಯಿಲೆಯ ಶುರು ಎಂದು ಆಮೇಲೆ ಗೊತ್ತಾಯಿತು.

ಆ ಶನಿವಾರ ಶೆಡ್ಡಿಗೆ ಹಳೆಯ ಬನಿಯನ್ನಿನಲ್ಲಿ ಸುತ್ತಿದ ಕಪ್ಪು ಎಂಜಿನ್ ತಂದರು. ಕುವೈತ್ ಬಿಟ್ಟು ಬರುವಾಗ ಬಟ್ಟೆಗಳ ನಡುವೆ ಅಡಗಿಸಿ ತಂದದ್ದು. ಕೆಟ್ಟೀತೆಂಬ ಭಯಕ್ಕೆ ಅದನ್ನು ಅವರು ಒಮ್ಮೆಯೂ ಬಿಚ್ಚಿರಲಿಲ್ಲ. ಕಡ್ಡಿಯನ್ನು ನನ್ನ ಕೈಗಿತ್ತರು. ನನ್ನ ಕೈ ಅವರದಕ್ಕಿಂತ ಜೋರಾಗಿ ನಡುಗುತ್ತಿತ್ತು, ಈ ಸಲ ನಕಲಲ್ಲ. ಕಿರುಬೆರಳು ಊರು ಎಂದರು. ಊರಿದೆ, ನಡುಕ ನಿಂತಿತು. ಮೀಟರ್ ಮೂರು ಸಲ ಸುಮ್ಮನಿತ್ತು. ಕೊನೆಯ ತಂತಿ ಹಚ್ಚಿದ ಮೇಲೆ ನಾಲ್ಕನೆಯ ಸಲವೂ ಮುಟ್ಟಿಸಿ ನೋಡಲು ಹೇಳಿದರು. ಅದು ಆ ದಿನ ಸೇರಿಸಿದ ನಿಯಮ. ಆಗಲೂ ಮೌನ. ಹಳಿಯ ಮೇಲಿಟ್ಟು ಅಪ್ಪಣೆ ಕೊಟ್ಟೆವು. ಎಂಜಿನ್ ಹೊಗೆಯಿಲ್ಲದೆ ಒಂದು ಗೇಣು ಮುಂದೆ ಹೋಯಿತು. ಅಂಕಲ್ ನಡುಗುವ ಕೈಯಲ್ಲೇ ಶಿಲುಬೆಯ ಗುರುತು ಹಾಕಿಕೊಂಡರು.

ಆಮೇಲೆ ಅವರು ಅಡಿಲೇಡ್‌ನ ಮಗಳ ಮನೆ ಸೇರಿದರು. ಹೋದ ಚಳಿಗಾಲದಲ್ಲಿ ಅಲ್ಲೇ ತೀರಿಕೊಂಡರು. ನಾನೂ ಹೋಗಿದ್ದೆ. ಮಣ್ಣು ಮುಗಿಸಿ ಬಂದ ಮೇಲೆ ಅವರ ಹೆಂಡತಿ ಅಡುಗೆಮನೆಯ ಮೇಜಿನ ಮೇಲೆ ಆ ಕಪ್ಪು ಎಂಜಿನ್ ತಂದಿಟ್ಟು ಎದುರಿಗೆ ಕೂತರು.

"ಒಮ್ಮೆ ಅವರ ಹಾಗೆ ಮಾತಾಡು ಮಗಾ."

ಮೀಟರ್ ಮುಟ್ಟಿಸುವಾಗಿನ ಅದೇ ಭಯ. ಆದರೂ ಬಾಯಿ ತೆರೆದೆ. "ಎಂತ ಮಾರಾಯ, ಹೆದರಿಕೆ ಆಗ್ತದಾ? ಒಳ್ಳೇದು."

ಅವರು ಕಣ್ಣು ಮುಚ್ಚಿಕೊಂಡರು. ದನಿಯ ಹಿಂದೆಯೇ ಅಂಕಲ್ ಕೈಯ ನಡುಕವೂ ನನ್ನ ಕೈಗೆ ಬರತೊಡಗಿತು. ಅವರು ಕಣ್ಣು ತೆರೆಯುವುದರೊಳಗೆ ನಾನು ಕಿರುಬೆರಳನ್ನು ಮೇಜಿಗೆ ಊರಿದೆ, ಉಗುರು ಬೆಳ್ಳಗಾಗುವವರೆಗೆ.