ತಮ್ಮನ ಲಿವರ್, ನನ್ನ ಅನುಮಾನ

ತಮ್ಮನ ಮೊಣಕೈಯಲ್ಲಿ ಮೊದಲು ಕಂಡದ್ದು ರೂಪಾಯಿ ಬಿಲ್ಲೆಯಗಲದ ಒಂದು ಕೆಂಪು ಕಲೆ. ಮೇಲೆ ಬಿಳಿ ಹೊಟ್ಟು. ಅವನಿಗೆ ಆಗಷ್ಟೇ ಬಿಡದಿಯ ಹೊಸ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತ್ತು. ನಾನು ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವವಳು, ಓದಿದ್ದು ಐದನೇ ಕ್ಲಾಸು. ಅವ್ವ ಹೋದ ಮೇಲೆ ಅವನನ್ನು ಬೆಳೆಸಿದವಳೂ ನಾನೇ. "ಮೈ ಒಣ್ಗೋಗೈತೆ, ಒಳಗಿಂದ ಜಿಡ್ಡು ಬೇಕು" ಎಂದು ಮುದ್ದೆಗೂ ಅನ್ನಕ್ಕೂ ತುಪ್ಪ ಸುರಿದೆ.

"ಅಕ್ಕಾ, ಮುದ್ದೆ ಈಜ್ತಾ ಐತೆ" ಅನ್ನುತ್ತಿದ್ದ. ಆದರೂ ತಿನ್ನುತ್ತಿದ್ದ.

ಎರಡು ವರ್ಷದಲ್ಲಿ ಕಲೆ ಬೆನ್ನಿಗೂ ತಲೆಗೂ ಹರಡಿತು. ಹೊಟ್ಟೆಯೂ ಬಂತು. ಚರ್ಮದ ಡಾಕ್ಟರು ಸೋರಿಯಾಸಿಸ್ ಎಂದರು. ಮಾತ್ರೆ ಶುರು ಮಾಡುವ ಮೊದಲು ಬ್ಲಡ್ ಟೆಸ್ಟ್, ಸ್ಕ್ಯಾನಿಂಗ್ ಮಾಡಿಸಿದರು. ರಿಪೋರ್ಟು ತಂದವನು ಹೇಳಿದ್ದು ಒಂದೇ ಮಾತು.

"ಲಿವರ್ ಕೆಟ್ಟೈತಂತೆ ಕಣಕ್ಕ."

ನನಗೆ ಗೊತ್ತಿದ್ದಂತೆ ಲಿವರ್ ಕೆಡುವುದು ಕುಡುಕರಿಗೆ. ನಮ್ಮಪ್ಪ ಸತ್ತದ್ದೂ ಹಾಗೆಯೇ. ಫ್ಯಾಕ್ಟರಿ ಹುಡುಗರ ಜೊತೆ ಸೇರಿ ಇವನೂ ಕಲಿತಿದ್ದಾನೆ ಅಂದುಕೊಂಡೆ. ಅವನು ಬಿಚ್ಚಿಟ್ಟ ಅಂಗಿ ಮೂಸಿದೆ, ಅವನೆದುರಿಗೇ. ಶನಿವಾರ ಕೆಂಗಲ್ಲಿನ ಗುಡಿಗೆ ಕರೆದುಕೊಂಡು ಹೋಗಿ, ಅಷ್ಟು ಜನರ ನಡುವೆ ಆಂಜನೇಯನ ಮುಂದೆ ನಿಲ್ಲಿಸಿ, ಕುಡಿಯುವುದಿಲ್ಲವೆಂದು ಆಣೆ ಮಾಡು ಎಂದೆ.

ಮಾಡಿದ. ನಾನು ನಂಬಲಿಲ್ಲ.

ಆಮೇಲೆ ಅವನು ಆಸ್ಪತ್ರೆಗೆ ಹೋಗುವುದನ್ನೇ ಬಿಟ್ಟ. ಕೇಳಿದರೆ, "ಹೋದ್ರೆ ಅವ್ರು ಇನ್ನೊಂದು ಕಾಯಿಲೆ ಹೇಳ್ತಾರೆ, ನೀನು ಇನ್ನೊಂದು ದೇವಸ್ಥಾನ ಹುಡುಕ್ತೀಯ" ಅಂದ. ನಗಲಿಲ್ಲ. ಮೂರು ತಿಂಗಳಲ್ಲಿ ಮೈಯೆಲ್ಲ ಬಿರಿಯಿತು. ಅಂಗಿ ಬಿಚ್ಚಲು ಹೋದರೆ ಬೆನ್ನಿನ ರಕ್ತಕ್ಕೆ ಅಂಟಿಕೊಂಡಿರುತ್ತಿತ್ತು.

ನೋಡಲಾರದೆ ನಾನೊಬ್ಬಳೇ ಡಾಕ್ಟರ ಹತ್ತಿರ ಹೋದೆ, ತಮ್ಮ ಕುಡಿಯುತ್ತಾನೆ ಎಂದು ದೂರು ಹೇಳಲು.

"ಅದು ಫ್ಯಾಟಿ ಲಿವರ್ ಅಮ್ಮ, ಲಿವರ್‌ನಲ್ಲಿ ಕೊಬ್ಬು ಸೇರಿದೆ. ಕುಡಿಯದೇ ಇರೋರಿಗೂ ಬರುತ್ತೆ. ಸೋರಿಯಾಸಿಸ್ ಇರೋರಲ್ಲಿ ಜಾಸ್ತಿ. ಈ ಕಾಯಿಲೆಯ ಉರಿಯೂತ ಬರೀ ಚರ್ಮದಲ್ಲಿ ನಿಲ್ಲಲ್ಲ, ಮೈಯೊಳಗೂ ಇರುತ್ತೆ. ಜೊತೆಗೆ ತೂಕ ಬೇರೆ ಏರಿದೆ. ಊಟಕ್ಕೆ ಏನು ಕೊಡ್ತೀರಿ?"

ತುಪ್ಪದ ವಿಷಯ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದು ಅವನೆದುರು ಕೂತೆ. "ತಪ್ಪಾಯ್ತು ಕಣಪ್ಪ. ನೀನೇನೂ ಕುಡಿದಿಲ್ಲ. ತಿನ್ಸಿ ತಿನ್ಸಿ ಕೆಡಿಸ್ದೋಳು ನಾನು."

"ತಿನ್ಸಿದ್ದಕ್ಕೆ ಬೇಜಾರಿಲ್ಲ ಕಣಕ್ಕ. ಅಂಗಿ ಮೂಸಿದ್ಯಲ್ಲ, ಅದುಕ್ಕೆ."



ಮಾರನೆಯ ವಾರ ಅವನೇ ಆಸ್ಪತ್ರೆಗೆ ಹೊರಟ. ಈಗ ಬೆಳಿಗ್ಗೆ ಇಬ್ಬರೂ ನಡೆಯುತ್ತೇವೆ. ಸೊಪ್ಪಿನ ಸಾರು, ಚಿಕ್ಕ ಮುದ್ದೆ. ತೂಕ ತುಸು ಇಳಿದಿದೆ. ಕಲೆಗಳು ಹೋಗುತ್ತವೆ, ಮತ್ತೆ ಬರುತ್ತವೆ. ಪೂರ್ತಿ ವಾಸಿಯಾಗುವ ಕಾಯಿಲೆ ಅಲ್ಲವಂತೆ, ಹಿಡಿತದಲ್ಲಿ ಇಟ್ಟುಕೊಳ್ಳಬೇಕಂತೆ. ಇಟ್ಟುಕೊಳ್ಳುತ್ತೇವೆ.

ಕಳೆದ ವಾರ ಮತ್ತೆ ಸ್ಕ್ಯಾನಿಂಗ್ ಇತ್ತು. ಹೊಸ ಡಾಕ್ಟರು ಪರದೆಯಿಂದ ಕಣ್ಣು ತೆಗೆಯದೆ, "ಕುಡೀತೀರಾ?" ಎಂದು ಅವನನ್ನು ಕೇಳಿದರು.

ಅವನು ಬಾಯಿ ತೆರೆಯುವ ಮೊದಲೇ ಬಾಗಿಲ ಬಳಿಯಿಂದ ನಾನಂದೆ, "ಇಲ್ಲ ಸಾರ್. ನನ್ ತಮ್ಮ ಕುಡಿಯಲ್ಲ."

ಮಂಚದ ಮೇಲೆ ಮಲಗಿದ್ದವನು ಹೊಟ್ಟೆ ಕುಲುಕುವಂತೆ ನಕ್ಕ. ಡಾಕ್ಟರು, ಅಲ್ಲಾಡಬೇಡಿ ಎಂದರು.